ರಾಚಯ್ಯ ಗುರುತು ಹಾಕಿದ ಮೂವತ್ತೆಂಟು ಮೀನು

ಗಡಿಯಾಚೆ, ಮರಾಠಿ ಸೀಮೆಯಲ್ಲಿರುವ ಗುಂಜೋಟಿಯ ರಾಚಯ್ಯನಿಗೆ ಮೀನಿನ ರುಚಿ ಗೊತ್ತಿಲ್ಲ. ಅವನ ಅಪ್ಪನಿಗೂ ಗೊತ್ತಿರಲಿಲ್ಲ, ಅಜ್ಜನಿಗೂ ಗೊತ್ತಿರಲಿಲ್ಲ. ಜಂಗಮರ ಮನೆ. ಮದುವೆಯಿರಲಿ, ತೊಟ್ಟಿಲಿರಲಿ, ಮಣ್ಣಿರಲಿ, ಊರಿನ ಅರ್ಧ ಮನೆಗಳು ಅವನನ್ನೇ ಕರೆಯುತ್ತಿದ್ದವು. ಅವನು ಹೋಗಿ ಪಾದ ತೊಳೆಸಿಕೊಂಡು, ಮನೆಯವರ ಹಣೆಗೆ ವಿಭೂತಿ ಹಚ್ಚಿ, ಊಟ ಮಾಡಿ ಬರುತ್ತಿದ್ದ. ಇಂಥವನು ಅರವತ್ತೊಂದನೆಯ ವಯಸ್ಸಿನಲ್ಲಿ ಗಾಳ ಹಿಡಿದು ಕೆರೆಯ ದಂಡೆಗೆ ಕೂತ ಎಂದರೆ ಯಾರೂ ನಂಬುವಂತಿರಲಿಲ್ಲ. ಯಾರೂ ನಂಬುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅದು ಅಷ್ಟು ದಿನ ನಡೆಯಿತು.

ಅವನು ನೀರಾವರಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು. ತುರೋರಿಯ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಒಂದು ದೊಡ್ಡ ಕೆರೆಯಿದೆ, ಅಲ್ಲಿಯವರ ಮಾತಿನಲ್ಲಿ ತಲಾವು. ಅದರ ಕಟ್ಟೆಯ ಮೇಲೆ ನಿಂತು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅಳತೆಯ ಕಂಬದಲ್ಲಿ ನೀರು ಯಾವ ಗೆರೆಗೆ ಮುಟ್ಟಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವನ ಕೆಲಸ. ಮೂವತ್ತೊಂದು ವರ್ಷದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಹಾಗೆಂದು ಮೇಲಿನವರು ಬರೆದುಕೊಟ್ಟ ಕಾಗದವನ್ನು ಅವನು ಗಾಜು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದ. ಗಾಳದ ಕೋಲು ಒಬ್ಬ ಇಂಜಿನಿಯರ ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದು. ಅದರ ಜೊತೆ ಬಣ್ಣದ ಪ್ಲಾಸ್ಟಿಕ್ ಮೀನುಗಳ ಒಂದು ಡಬ್ಬಿ ಇತ್ತು. ರಾಚಯ್ಯ ಎರೆಹುಳು ಮುಟ್ಟುವವನಲ್ಲ, ಕೋಳಿಯ ಕರುಳಿನ ಮಾತಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಮೀನಿನಲ್ಲಿ ಅವನಿಗೆ ದೋಷ ಕಾಣಲಿಲ್ಲ. ನಿವೃತ್ತಿಯಾದ ಮೇಲೆ ಕದ್ದು ಗಾಳ ಹಾಕಿ, ಸಿಕ್ಕದ್ದನ್ನು ನೀರಿಗೇ ಬಿಡತೊಡಗಿದ.

ನಿವೃತ್ತಿಯಾದ ವರ್ಷ ಮೀನಲ ಎಂಬ ಹುಡುಗಿ ತಲಾವಿಗೆ ಬಂದಳು. ಉದಗೀರದವಳು, ಮೀನಿನ ವಿಷಯದಲ್ಲಿ ಡಾಕ್ಟರೇಟು ಮಾಡಿದವಳು, ತಾಯಿಯ ತವರು ಭಾಲ್ಕಿಯಾದ್ದರಿಂದ ಕನ್ನಡ ಬರುತ್ತಿತ್ತು. ನದಿ, ತಲಾವುಗಳಲ್ಲಿ ಕಡಿಮೆಯಾಗುತ್ತಿರುವ ವಾಳೆ ಮೀನನ್ನು ಉಳಿಸಲು ಅವಳ ಸಂಸ್ಥೆ ಕೆಲಸ ಮಾಡುತ್ತಿತ್ತು. ಅದಕ್ಕೆ ಗಾಳ ಹಾಕುವ ಹವ್ಯಾಸಿಗಳು ಬೇಕಾಗಿದ್ದರು. ಸಂಬಳವಿಲ್ಲ. ಮೀನು ಹಿಡಿಯಬೇಕು, ಅಳೆಯಬೇಕು, ಬೆನ್ನಿನ ರೆಕ್ಕೆಯ ಬುಡದಲ್ಲಿ ಸೂಜಿಯಿಂದ ನಂಬರಿರುವ ಹಳದಿ ಪ್ಲಾಸ್ಟಿಕ್ ಎಳೆಯೊಂದನ್ನು ಚುಚ್ಚಿ ಕೂರಿಸಬೇಕು, ಬಿಟ್ಟುಬಿಡಬೇಕು. ಆ ಎಳೆಗೆ ಟ್ಯಾಗು ಎನ್ನುತ್ತಾರೆ. ಅದೇ ಮೀನು ಮುಂದೆ ಯಾರ ಗಾಳಕ್ಕೋ ಬಲೆಗೋ ಸಿಕ್ಕರೆ ಆ ನಂಬರು ನೋಡಿ, ಅದು ಎಷ್ಟು ಬೆಳೆದಿದೆ, ಎಲ್ಲಿಂದ ಎಲ್ಲಿಗೆ ಹೋಗಿದೆ, ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದು ತಿಳಿಯುತ್ತದೆ.

ಉದಗೀರದ ಕಾಲೇಜಿನಲ್ಲಿ ತರಬೇತಿ ನಡೆಯಿತು. ಹನ್ನೆರಡು ಜನ ಬಂದಿದ್ದರು. ಮಾಸ್ತರರು, ಒಬ್ಬ ಕಂಡಕ್ಟರ್, ನಿಲಂಗದಲ್ಲಿ ಮೊಬೈಲ್ ಅಂಗಡಿ ಇಟ್ಟ ನೀಲೇಶ. ಹೊರದೇಶದಲ್ಲಿ ಹವ್ಯಾಸಿಗಳು ದೋಣಿಯಲ್ಲಿ ಕಡಲಿಗೆ ಹೋಗಿ ಶಾರ್ಕುಗಳನ್ನು ಹಿಡಿದು, ಟ್ಯಾಗು ಹಾಕಿ, ಬಿಡುವ ಚಿತ್ರವನ್ನು ಮೀನಲ ಪರದೆಯ ಮೇಲೆ ತೋರಿಸಿದಳು.

"ನಮಗ ಶಾರ್ಕ್ ಎಲ್ಲಿ ಸಿಗಬೇಕು? ಕಡಲು ನೋಡಬೇಕಂದ್ರ ಒಂದು ದಿನ ರೈಲಿನ್ಯಾಗ ಕೂಡಬೇಕು" ಎಂದಳು. "ನಮ್ಮ ವಾಳಿನೇ ನಮ್ಮ ಶಾರ್ಕ್. ದೊಡ್ಡ ಬಾಯಿ, ಚೂಪ ಹಲ್ಲು. ಗಾಳದವರು ಸಿಹಿನೀರಿನ ಶಾರ್ಕ್ ಅಂತನೇ ಅಂತಾರ."

ರಾಚಯ್ಯನಿಗೆ ಈ ಮಾತು ಹಿಡಿಸಿತು. ಕೊಲ್ಲುವುದಿಲ್ಲ, ತಿನ್ನುವುದಿಲ್ಲ, ಮಾರುವುದಿಲ್ಲ, ಮೇಲಾಗಿ ಒಂದು ಜೀವಜಾತಿಯನ್ನು ಉಳಿಸುವುದು. ಕದ್ದು ಮಾಡುತ್ತಿದ್ದ ಚಾಳಿಗೆ ಯಾರೋ ಧರ್ಮದ ಮುದ್ರೆ ಒತ್ತಿಕೊಟ್ಟ ಹಾಗಾಯಿತು. ಮೀನಲ ಹೇಳಿದ ನಿಯಮಗಳನ್ನೆಲ್ಲ ವಹಿಯಲ್ಲಿ ಬರೆದುಕೊಂಡ. ಗಾಳದ ಮುಳ್ಳಿನ ಮರುಕೊಕ್ಕೆ ಉಜ್ಜಿ ತೆಗೆಯಬೇಕು. ಕೈ ಒದ್ದೆಯಿರಬೇಕು, ಬಟ್ಟೆ ಒದ್ದೆಯಿರಬೇಕು. ಗಾಯಕ್ಕೆ ಔಷಧ ಹಚ್ಚಬಾರದು. ಹೊರಗಿಡುವುದು ಒಂದು ನಿಮಿಷ ಮಾತ್ರ.

ಊರಲ್ಲಿ ಅವನು ಹೇಳಿಕೊಂಡದ್ದು ಬೇರೆ. ಮೀನಿನ ಲೆಕ್ಕ ಬರೆದುಕೊಡುವ ಕೆಲಸ, ಬರೇ ಬರವಣಿಗೆ ಎಂದ. ಗಾಳದ ಕೋಲನ್ನು ಮಡಚಿ ದೊಡ್ಡ ಕೊಡೆಯ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದ. ನಿಜ ಗೊತ್ತಿದ್ದದ್ದು ಮೀನಲಳಿಗೆ, ತಲಾವಿನಲ್ಲಿ ಬಲೆ ಹಾಕುವ ವೈಜನಾಥನಿಗೆ, ಮತ್ತು ಹೆಂಡತಿ ಶಿವಕಾಂತಮ್ಮನಿಗೆ.

"ಎಲ್ಲಿಗಿ ಹೊಂಟೀರಿ?" ಎಂದು ಅವಳು ಬೇಕೆಂದೇ ಕೇಳುತ್ತಿದ್ದಳು.

"ನೀರ ನೋಡಿ ಬರ್ತೀನಿ."

"ನೌಕರಿ ಬಿಟ್ಟು ವರ್ಷಾತು. ನಿಮ್ಮನ್ನ ನೋಡದ ಆ ನೀರು ಅಳ್ತದೇನ್ರೀ?"

ಒಮ್ಮೆ ಮಾತ್ರ ಅವಳು ನಗದೆ ಕೇಳಿದಳು. "ತಿನ್ನೋ ಮಂದಿ ಹಿಡೀತಾರ, ಹೊಟ್ಟಿಗಿ ಅಂತ ತಿಳೀತದ. ನೀವು ತಿನ್ನಂಗಿಲ್ಲ, ಮಾರಂಗಿಲ್ಲ. ಬಾಯಿಗಿ ಮುಳ್ಳು ಚುಚ್ಚೋದು, ಬೆನ್ನಿಗಿ ಸೂಜಿ ಚುಚ್ಚೋದು, ಹೋಗಪಾ ಅಂತ ಬಿಡೋದು. ಇದ್ಯಾವ ಸೀಮಿ ಪುಣ್ಯರೀ?"

ರಾಚಯ್ಯ ಕೊಡೆಯ ಚೀಲ ಹೆಗಲಿಗೇರಿಸಿ ಹೊರಟ. ಆದರೆ ಮಾತು ಒಳಗೆ ಕೂತಿತು. ಮೊದಲ ವಾಳೆ ಸಿಕ್ಕಾಗ, ಸೂಜಿ ಚುಚ್ಚಿದ ಜಾಗದಲ್ಲಿ ಒಂದು ಹನಿ ರಕ್ತ ಬಂತು. ಅವನ ಕೈ ತಾನಾಗಿ ಸೊಂಟದ ವಿಭೂತಿ ಚೀಲಕ್ಕೆ ಹೋಯಿತು. ಕೂಸು ಬಿದ್ದು ಮೊಣಕಾಲು ಒಡೆದರೆ ವಿಭೂತಿ, ಎತ್ತಿಗೆ ನೊಗ ಒತ್ತಿ ಹುಣ್ಣಾದರೆ ವಿಭೂತಿ, ಮಾವಿನ ಗಿಡ ಕಡಿದ ಗಾಯಕ್ಕೂ ವಿಭೂತಿ. ನಲವತ್ತು ವರ್ಷ ಮಾಡಿದ ಕೈ ಅದು, ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಒದ್ದೆ ಮೈಗೆ ಬೂದಿ ನಿಲ್ಲದ್ದರಿಂದ ಟವೆಲಿನಿಂದ ಬೆನ್ನನ್ನು ಗಟ್ಟಿಯಾಗಿ ಒರೆಸಿ ಒಣಗಿಸಿ, ಮೂರು ಬೆರಳಿನಿಂದ ಮೂರು ಗೆರೆ ಎಳೆದ. ತುಟಿಯಲ್ಲೇ ಮಂತ್ರ ಹೇಳಿ ನೀರಿಗೆ ಬಿಟ್ಟ. ಮನಸ್ಸು ಹಗುರವಾಯಿತು. ಅಂದಿನಿಂದ ಅದೇ ಪದ್ಧತಿಯಾಯಿತು.

ಮೀನಲಳಿಗೆ ಕಳಿಸುವ ಫೋಟೋವನ್ನು ಮೊದಲೇ ತೆಗೆದುಬಿಡುತ್ತಿದ್ದ. ದೇವರ ಕೆಲಸ ಫೋಟೋದ ಸಲುವಾಗಿ ಮಾಡುವುದಲ್ಲ. ಫಾರಂನಲ್ಲಿಯೂ ಬರೆಯಲಿಲ್ಲ, ಅದಕ್ಕೆ ಅಲ್ಲಿ ಕಾಲಮು ಇರಲಿಲ್ಲ. ಔಷಧ ಹಚ್ಚಬೇಡಿ ಎಂದು ಅವಳು ಹೇಳಿದ್ದಳಲ್ಲ ಎಂದರೆ, ವಿಭೂತಿ ಔಷಧವೆಂದು ಅವನಿಗೆ ಅನಿಸಿದ್ದರೆ ತಾನೇ?

ಎರಡೂವರೆ ವರ್ಷದಲ್ಲಿ ಮೂವತ್ತೆಂಟು ಮೀನು. ಉಳಿದ ಹವ್ಯಾಸಿಗಳು ಯಾರೂ ಅಷ್ಟು ಹಿಡಿದಿರಲಿಲ್ಲ. ನೀರು ಯಾವ ಗೆರೆಗೆ ಬಂದಾಗ ವಾಳೆ ಯಾವ ಬಂಡೆಯ ಬುಡಕ್ಕೆ ಬರುತ್ತದೆ ಎಂಬುದು ರಾಚಯ್ಯನಿಗೆ ಗೊತ್ತಿದ್ದ ಹಾಗೆ ಯಾರಿಗೆ ಗೊತ್ತು?

ಹೋದ ಮಾರ್ಚಿನಲ್ಲಿ ವೈಜನಾಥ ಕಟ್ಟೆಯ ಮೇಲೆ ಅವನನ್ನು ನಿಲ್ಲಿಸಿ, ಅಂಗಿಯ ಜೇಬಿನಿಂದ ಎರಡು ಹಳದಿ ಎಳೆ ತೆಗೆದು ಕೊಟ್ಟ. ತಲಾವಿನ ಮೇಲ್ತುದಿಯಲ್ಲಿ, ಹಳ್ಳ ಬಂದು ಸೇರುವಲ್ಲಿ, ವೈಜನಾಥನ ಅಣ್ಣತಮ್ಮಂದಿರ ಮೂರು ಮನೆಯವರು ಬಲೆ ಹಾಕುತ್ತಿದ್ದರು. ಟ್ಯಾಗಿರುವ ಮೀನು ಸಿಕ್ಕರೆ, ಸತ್ತದ್ದಾದರೂ ಸರಿ, ತಿಳಿಸಬೇಕೆಂದು ಮೀನಲ ಅವರಿಗೆ ಹೇಳಿದ್ದಳು.

"ದಂಡಿಗಿ ಸತ್ತು ಬಿದ್ದಿದ್ವು ಅಯ್ನೋರ. ಎರಡೂ" ಎಂದ ವೈಜನಾಥ.

ರಾಚಯ್ಯ ಎಳೆಗಳನ್ನು ನೋಡಿದ. ವೈಜನಾಥನನ್ನು ನೋಡಿದ. ಬಲೆಯಲ್ಲಿ ಹಿಡಿದು, ತುರೋರಿಯ ಧಾಬಾಕ್ಕೆ ಮಾರಿ, ಈಗ ಸತ್ತಿತ್ತು ಎನ್ನುತ್ತಿದ್ದಾನೆ ಎಂದುಕೊಂಡ. ಕಣ್ಣು ಮಿಟುಕಿಸಿ ನಕ್ಕ. "ಇರ್ಲಿ ಬಿಡು. ನಾ ಯಾರಿಗೂ ಹೇಳಂಗಿಲ್ಲ."

"ಹೇಳ್ರೀ. ಹೇಳ್ಲಾಕೇ ಕೊಟ್ಟೀನಿ."

"ಆತು ಹೋಗು, ತಿಳೀತು."

ಮನೆಗೆ ಬಂದು ಎರಡನ್ನೂ ವಿಭೂತಿ ಗಟ್ಟಿಗಳ ಡಬ್ಬಿಯಲ್ಲಿ ಹಾಕಿಟ್ಟ. ಬಡವನ ಹೊಟ್ಟೆಯ ಮೇಲೆ ಹೊಡೆಯಲಿಲ್ಲ ಎಂಬ ಸಮಾಧಾನ ಬೇರೆ. ತಾನು ದೊಡ್ಡ ಮನಸ್ಸಿನವನು ಎಂದು ಮನುಷ್ಯನಿಗೆ ಅನಿಸಿದಾಗ ಒಮ್ಮೆ ತಿರುಗಿ ನೋಡಿಕೊಳ್ಳುವುದು ಒಳ್ಳೆಯದು. ರಾಚಯ್ಯ ನೋಡಿಕೊಳ್ಳಲಿಲ್ಲ.

ಮೇ ತಿಂಗಳಲ್ಲಿ ಪಂಚಾಯಿತಿಯ ಸಭಾಗೃಹದಲ್ಲಿ ಸಭೆ ಸೇರಿತು. ತಲಾವಿನ ಸಮಿತಿಯ ಅಧ್ಯಕ್ಷ ವಿಶ್ವನಾಥಪ್ಪ, ಅರವತ್ತು ಎಕರೆಯ ಒಡೆಯ. ಅವನ ಮನೆಯ ಎಲ್ಲ ಕಾರ್ಯಗಳಿಗೂ ರಾಚಯ್ಯನೇ ಅಯ್ಯನವರು. ಒಂದು ಬದಿಗೆ ಬಲೆಯವರು, ಇನ್ನೊಂದು ಬದಿಗೆ ಊರವರು. ಮೀನಲ ಮರಾಠಿಯಲ್ಲಿ ಲೆಕ್ಕ ಓದಿದಳು. ನಿಲಂಗದ ನದಿಯಲ್ಲಿ ನೀಲೇಶ ಹಾಕಿದ ಇಪ್ಪತ್ತೇಳು ಟ್ಯಾಗುಗಳಲ್ಲಿ ಆರು ಮರಳಿ ಸಿಕ್ಕಿವೆ. ಉದಗೀರದ ಕಡೆ ಇಪ್ಪತ್ತರಲ್ಲಿ ನಾಲ್ಕು. ಇಲ್ಲಿ ಮಾತ್ರ ಮೂವತ್ತೆಂಟು ಹೋಗಿವೆ, ಒಂದೂ ಬಂದಿಲ್ಲ. ರಾಚಯ್ಯ ಮೊದಲೇ ಕೇಳಿಕೊಂಡಿದ್ದರಿಂದ ಇಲ್ಲಿ ಹಿಡಿದವನ ಹೆಸರನ್ನು ಅವಳು ಹೇಳಲಿಲ್ಲ.

"ಒಂದೂ ಬರದೇ ಇರೋದು ಹ್ಯಾಂಗ?" ಎಂದ ವಿಶ್ವನಾಥಪ್ಪ, ಬಲೆಯವರ ಕಡೆ ತಿರುಗಿ. "ಮೀನಿಗೇನು ರೆಕ್ಕಿ ಬಂದು ಹಾರಿ ಹೋದ್ವೇನ್ರೋ?"

ಊರವರು ನಕ್ಕರು. ಹಿಂದಿನಿಂದ ಯಾರೋ, "ಹಾರಿಲ್ಲರೀ, ರಸ್ಸಾದ ಗಡಿಗ್ಯಾಗ ಬಿದ್ದಾವ" ಎಂದರು. ಮತ್ತೆ ನಗೆ.

ವೈಜನಾಥ ಎದ್ದು ನಿಂತ. "ಎರಡು ನಾ ಅಯ್ನೋರ ಕೈಯಾಗ ಕೊಟ್ಟೀನಿ. ಮಾರ್ಚಿನ್ಯಾಗ. ಕೇಳ್ರೀ ಅವರಿಗೇ."

ಇಡೀ ಸಭೆ ರಾಚಯ್ಯನ ಕಡೆ ತಿರುಗಿತು. ಮೀನಲಳೂ ತಿರುಗಿದಳು. ಅವಳ ಮುಖದಲ್ಲಿ ಸಂಶಯವಿರಲಿಲ್ಲ, ಅದೇ ಕಷ್ಟವಾಯಿತು. ಹೌದು ಎಂದರೆ, ಬಂದ ಟ್ಯಾಗುಗಳನ್ನು ಎರಡು ತಿಂಗಳು ಮುಚ್ಚಿಟ್ಟದ್ದು ಯಾಕೆ ಎಂದು ಹೇಳಬೇಕು. ಮೂವತ್ತೊಂದು ವರ್ಷ ಒಂದು ಅಂಕಿ ತಪ್ಪದವನು ಅವನು.

"ನನಗ ನೆನಪಿಲ್ಲ" ಎಂದ.

ವೈಜನಾಥ ಅವನನ್ನೇ ನೋಡಿ, ಟೋಪಿ ಸರಿಪಡಿಸಿಕೊಂಡು ಕೂತ. ವಿಶ್ವನಾಥಪ್ಪನಿಗೆ ಅಷ್ಟೇ ಸಾಕಾಗಿತ್ತು. "ಜಂಗಮರ ಹೆಸರು ತಗೊಂಡು ಸುಳ್ಳ ಹೇಳ್ತಾನ ನೋಡ್ರಿ" ಎಂದ. ಮಳೆಗಾಲದಿಂದ ತಲಾವಿನ ಮೇಲ್ತುದಿಯಲ್ಲಿ ಈ ಮೂರು ಮನೆಯವರು ಬಲೆ ಹಾಕಬಾರದು ಎಂಬ ಮಾತು ಬಂತು. ಹದಿನೈದು ದಿನ ಬಿಟ್ಟು ಮತ್ತೆ ಸೇರಿ, ಬರೆದು, ಸಹಿ ಹಾಕುವುದೆಂದಾಯಿತು.

ಮನೆಗೆ ಬಂದಾಗ ಶಿವಕಾಂತಮ್ಮ ಪಡಸಾಲೆಯಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಸಭೆಯ ಸುದ್ದಿ ಅವನಿಗಿಂತ ಮೊದಲೇ ಬಂದು ಮುಟ್ಟಿತ್ತು. ಅವಳು ಎದ್ದು ಒಳಗೆ ಹೋಗಿ, ಎರಡು ಹಳದಿ ಎಳೆಗಳನ್ನು ತಂದು ಬೇಳೆಯ ಮೊರದ ಅಂಚಿನಲ್ಲಿ ಇಟ್ಟಳು.

"ಇವೇನ್ರೀ?"

ರಾಚಯ್ಯ ಟೋಪಿ ತೆಗೆದು ಗೂಟಕ್ಕೆ ಹಾಕಿದ.

"ಡಬ್ಬಿ ತೆಗೆದು ದಿನಾ ನಾನೇ ಪೂಜಿಗಿ ಇಡ್ತೀನಿ ಅನ್ನೋದರ ನೆನಪಿತ್ತಿಲ್ಲೋ? ಇಲ್ಲ, ಅದೂ ನೆನಪಿಲ್ಲೋ?"

"ಅವನ ಚಲೋದಕ್ಕ ಇಟ್ಟಿದ್ದೆ."

"ಹೌದಾ. ಅವನ ಚಲೋದಕ್ಕೇ ಇವತ್ತು ನಾಕು ಮಂದ್ಯಾಗ ಅವನಿಗಿ ಕಳ್ಳನ್ನ ಮಾಡಿ ಬಂದ್ರಿ." ಅವಳು ಮತ್ತೆ ಬೇಳೆಗೆ ಕೈ ಹಾಕಿದಳು. "ಮೀನ ಹಿಡೀರಿ, ಬಿಡ್ರಿ, ನನಗೇನು. ಈ ಮಾತಿನ ಮ್ಯಾಲ ನಾಳಿ ಯಾರ ಮನಿ ತೊಟ್ಟಿಲದಾಗಿನ ಕೂಸಿನ ಕಿವ್ಯಾಗ ಹೆಸರು ಹೇಳ್ತೀರಿ, ಅದನ್ನ ವಿಚಾರ ಮಾಡ್ರಿ."

ಅವಳು ಮೂರು ದಿನ ಮಾತು ಬಿಡಲಿಲ್ಲ, ಅಳಲಿಲ್ಲ. ಹೊತ್ತಿಗೆ ಸರಿಯಾಗಿ ಊಟಕ್ಕೆ ಬಡಿಸಿದಳು. ರಾಚಯ್ಯ ಅರ್ಧ ರೊಟ್ಟಿಗೇ ಏಳುತ್ತಿದ್ದ.

ನಾಲ್ಕನೆಯ ದಿನ ಅವನು ವೈಜನಾಥನ ಮನೆಗೆ ಹೊರಟ. ಒಳ್ಳೆಯ ಉದ್ದೇಶದಿಂದ ಹೊರಟ ಎಂದು ಹೇಳುವ ಹಾಗಿಲ್ಲ. ದಾರಿಯುದ್ದಕ್ಕೂ ಅವನು ಹೊಂದಿಸಿಕೊಂಡ ಮಾತು ಹೀಗಿತ್ತು. ಡಬ್ಬಿಯಲ್ಲಿ ಸಿಕ್ಕವು, ಮರೆತಿದ್ದೆ ಎಂದು ಮೀನಲಳಿಗೆ ಫೋನಿನಲ್ಲಿ ಹೇಳುತ್ತೇನೆ; ನೀನೂ, ಕೊಟ್ಟದ್ದು ಮಾರ್ಚಿನಲ್ಲಲ್ಲ, ಮೊನ್ನೆ ಮೊನ್ನೆ ಎಂದು ಹೇಳಿಬಿಡು. ಇಬ್ಬರ ಮಾನವೂ ಉಳಿಯುತ್ತದೆ.

ಬಲೆಯವರ ಮನೆಗಳು ತಲಾವಿನ ದಂಡೆಯ ಮೇಲೆ, ತಗಡಿನ ಮಾಡು. ವೈಜನಾಥ ಇರಲಿಲ್ಲ. ಅವನ ತಾಯಿ ಪ್ರಯಾಗಬಾಯಿ ಅಂಗಳದ ಕಲ್ಲಿನ ಮುಂದೆ ಕೂತು ಮೀನು ಸ್ವಚ್ಛ ಮಾಡುತ್ತಿದ್ದಳು.

"ಯಾ ಮಹಾರಾಜ, ಬರ್ರೀ" ಎಂದಳು, ಏಳದೆ. "ಆದ್ರ ಅಲ್ಲೇ ಬೇವಿನ ಬುಡಕ ನಿಂದರ್ರೀ. ಇಲ್ಲಿ ಬಂದ್ರ ನಿಮಗ ಮೈಲಿಗಿ ಆಗ್ತದ. ಮೈಲಿಗಿ ಆಗಿದ್ದು ಆಮ್ಯಾಲ ನಿಮಗ ನೆನಪಿರ್ತದೋ ಇಲ್ಲೋ."

ರಾಚಯ್ಯನಿಗೆ ಏಟು ತಾಗಿತು. ಬೇವಿನ ಕೆಳಗೇ ನಿಂತ. ಅವಳ ಮುಂದೆ ಇದ್ದದ್ದು ವಾಳೆ. ತನ್ನ ಕೈಯಿಂದ ಮೂವತ್ತೆಂಟು ವಾಳೆಗಳನ್ನು ಅಳೆದವನು ಒಂದನ್ನಾದರೂ ಸ್ವಚ್ಛ ಮಾಡುವುದನ್ನು ಅಂದಿನವರೆಗೆ ನೋಡಿರಲಿಲ್ಲ. ಪ್ರಯಾಗಬಾಯಿ ಪಕ್ಕದ ಡಬ್ಬದಿಂದ ಒಂದು ಹಿಡಿ ತೆಗೆದು ಮೀನಿನ ಬೆನ್ನಿಗೆ ಹಾಕಿ ತಿಕ್ಕಿದಳು. ಬೂದು ಬಣ್ಣದ ಲೋಳೆ ಎಳೆ ಎಳೆಯಾಗಿ ಕಿತ್ತು ಅವಳ ಬೆರಳುಗಳಿಗೆ ಸುತ್ತಿಕೊಂಡು ಬಂತು.

"ಏನು ಹಚ್ಲಾಕತ್ತೀ ಅದಕ್ಕ?"

"ಬೂದಿರೀ. ಒಲಿ ಬೂದಿ."

"ಯಾಕ?"

ಅಕ್ಕಿ ತೊಳೆಯುವುದು ಯಾಕೆ ಎಂದು ಕೇಳಿದವನನ್ನು ನೋಡುವ ಹಾಗೆ ಅವಳು ನೋಡಿದಳು. "ಇದಕ್ಕ ಹುರುಪಿ ಇಲ್ಲಲ್ರೀ. ಮೈಯೆಲ್ಲಾ ಲೋಳಿ. ಕೈಯಾಗ ನಿಂದ್ರಂಗಿಲ್ಲ. ಬೂದಿ ಹಚ್ಚಿ ತಿಕ್ಕಿದ್ರ ಪೂರಾ ಕಿತ್ತು ಬರ್ತದ. ಇದು ಸಣ್ಣ ಹುಡುಗೇರಿಗೂ ಗೊತ್ತದ."

"ಜೀವ ಇದ್ದ ಮೀನಿಗಿ ಹಚ್ಚಿದ್ರ?"

"ಯಾರು ಹಚ್ತಾರ್ರೀ?"

"ಹಚ್ಚಿದ್ರ ಏನಾಗ್ತದ ಅಂದೆ."

"ಸಾಯ್ತದ. ಲೋಳಿ ಹೋದ ಮೀನು ತೊಗಲು ಸುಲದ ದನ ಇದ್ದಂಗ. ನೀರಿಗಿ ಬಿಟ್ರೂ ನಾಕ ದಿನದಾಗ ಹತ್ತಿ ಅಂಟಿದಂಗ ಬಿಳೀ ಬೂಷ್ಟು ಹಿಡೀತದ. ಅಂಥಾವು ಹೋದ ವರ್ಷದಿಂದ ದಂಡಿಗಿ ಬರ್ಲಾಕತ್ತಾವ, ಬರೋಬರಿ ಬೆನ್ನಿನ ಮ್ಯಾಲ ಬೂಷ್ಟು. ಕೆಲವು ನಾಯಿ, ಏಡಿ ತಿಂದು ಹೋಗ್ತಾವ. ಮಾರ್ಚಿನ್ಯಾಗ ಎರಡು ಚಂದಾಗಿ ಸಿಕ್ವು. ಮೂರು ಗೆರಿ ಬೂಷ್ಟು ಬಂದಿತ್ತು, ಹಿಂಗ." ಅವಳು ಬೂದಿ ಮೆತ್ತಿದ ಮೂರು ಬೆರಳನ್ನು ಗಾಳಿಯಲ್ಲಿ ಅಡ್ಡ ಎಳೆದಳು. "ಅಯ್ನೋರ ಹಣಿ ಇದ್ದಂಗ ಅದ ನೋಡವ್ವ ಅಂತ ನಮ್ಮ ವೈಜು ನಗ್ತಿದ್ದ."

ರಾಚಯ್ಯ ಬೇವಿನ ಬೊಡ್ಡೆಗೆ ಕೈ ಆನಿಸಿದ. ಬಿಸಿಲಿಗೆ ತಲೆ ತಿರುಗಿತು ಎಂದುಕೊಂಡು ಪ್ರಯಾಗಬಾಯಿ ನೀರು ತರಲು ಎದ್ದಳು. ತನ್ನ ಮನೆಯ ನೀರು ಅವನು ಕುಡಿಯುವನೇ ಎಂದು ನಡುವೆಯೇ ನಿಂತಳು. ಅವನು ಕೈ ಚಾಚಿ ಇಸಿದುಕೊಂಡು ಕುಡಿದ. ಆಮೇಲೆ ಹೇಳಿದ. ಒಂದನ್ನೂ ಬಿಡದೆ ಪ್ರತಿಯೊಂದು ಮೀನಿಗೂ, ಒರೆಸಿ, ಒಣಗಿಸಿ, ವಿಭೂತಿ ಹಚ್ಚಿದ್ದನ್ನು ಹೇಳಿದ.

ಪ್ರಯಾಗಬಾಯಿ ಕೇಳಿ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು. "ಅಗಬಾಯೀ! ನಾವು ಸತ್ತದ್ದಕ್ಕ ಹಚ್ಚಿ ಕೊಯ್ತೀವಿ, ನೀವು ಹಚ್ಚಿ ಹಚ್ಚಿ ಕೊಂದ್ರಿ! ಒಂದು ದಿನಾನರ ಮೀನ ತಿಂದ ಮಂದಿಯಾಗಿದ್ರ ಇದು ಗೊತ್ತಿರ್ತಿತ್ತಲ್ರೀ ಮಹಾರಾಜ!"

ಅವಳು ನಗುತ್ತಿರುವಾಗಲೇ ವೈಜನಾಥ ಬಲೆ ಹೊತ್ತುಕೊಂಡು ಬಂದ. ತಾಯಿ ಹೇಳಿದ್ದನ್ನು ಕೇಳಿಸಿಕೊಂಡ. ಅವನು ನಗಲಿಲ್ಲ. ಬಲೆಯನ್ನು ಗೂಟಕ್ಕೆ ತೂಗುಹಾಕಿ, ಗಂಟು ಬಿಡಿಸುತ್ತ ಹೇಳಿದ.

"ನಮ್ಮ ಮೂರು ಮನಿ ಕೂಡಿ ಎರಡೂವರಿ ವರ್ಷದಾಗ ಅಷ್ಟು ದೊಡ್ಡ ವಾಳಿ ಮೂವತ್ತೆಂಟು ಹಿಡಿದಿಲ್ಲ ಅಯ್ನೋರ."

ವೈಜನಾಥ ಮತ್ತೊಂದು ಗಂಟು ಬಿಡಿಸಿದ.

"ಸತ್ತಿದ್ವು ಅಂದೆ. ನೀವು ಕಣ್ಣ ಹೊಡದ್ರಿ."

"ತಪ್ಪಾತು."

"ನನ್ನ ಮುಂದ ಅಂದ್ರ ಏನಾತು? ನನಗ ಗೊತ್ತಿದ್ದದ್ದೇ. ಗೊತ್ತಿಲ್ಲದವರ ಮುಂದ ಅನ್ರೀ."

ಹೊಂದಿಸಿಕೊಂಡು ಬಂದಿದ್ದ ಮಾತನ್ನು ರಾಚಯ್ಯ ಬಾಯಿಂದ ಹೊರಗೆ ತೆಗೆಯಲೇ ಇಲ್ಲ. ತೆಗೆಯಲಿಲ್ಲವಾದ್ದರಿಂದ ಆ ಮನೆಯಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಅವನಿಗೆ ಗೊತ್ತಿತ್ತು.

ಉಳಿದ ಹತ್ತು ದಿನ ಅವನು ಏನೇನೋ ಯೋಚಿಸಿದ. ಎರಡು ಟ್ಯಾಗಿನ ಮಾತನ್ನಷ್ಟೇ ಒಪ್ಪಿಕೊಂಡರೆ ವೈಜನಾಥ ಪಾರಾಗುತ್ತಾನೆ, ಬೂದಿಯ ಮಾತು ಯಾಕೆ ಎತ್ತಬೇಕು ಎಂದು ಒಂದು ದಿನ. ಬೂದಿಯ ಮಾತನ್ನು ಎತ್ತದಿದ್ದರೆ ಉಳಿದ ಮೂವತ್ತಾರು ಮೀನು ಬಲೆಯವರ ಲೆಕ್ಕಕ್ಕೇ ಬೀಳುತ್ತವೆ ಎಂದು ಮರುದಿನ. ಮೀನಲಳಿಗೆ ಕಾಗದ ಬರೆದು ಸಭೆಗೆ ಹೋಗದೆ ಇದ್ದರೆ? ಬರೆದೂ ಬರೆದ. ಶಿವಕಾಂತಮ್ಮ ಕಸ ಗುಡಿಸುವಾಗ ಹರಿದ ಹಾಳೆಗಳು ಸಿಕ್ಕವು. ಸಭೆಯ ದಿನ ಅವಳು ಇಸ್ತ್ರಿ ಮಾಡಿದ ಧೋತರ ತೆಗೆದು ಮಂಚದ ಮೇಲೆ ಇಟ್ಟಳು.

ಸಭೆಯಲ್ಲಿ ವಿಶ್ವನಾಥಪ್ಪ ಠರಾವಿನ ಹಾಳೆ ಓದಲು ಶುರು ಮಾಡಿದಾಗ ರಾಚಯ್ಯ ಎದ್ದು, ಎರಡು ಟ್ಯಾಗುಗಳನ್ನು ಮೇಜಿನ ಮೇಲೆ ಇಟ್ಟ. ಮರಾಠಿಯಲ್ಲಿ ಮಾತು ಆರಂಭಿಸಿದವನು ನಡುವೆ ಕನ್ನಡಕ್ಕೆ ಜಾರಿದ.

"ಇವು ವೈಜನಾಥ ಕೊಟ್ಟವು. ಮಾರ್ಚಿನ್ಯಾಗ. ನೆನಪಿಲ್ಲ ಅಂದೆ. ನೆನಪಿತ್ತು. ಮೀನ ಇವರು ತಿಂದಿಲ್ಲ, ಇವರು ಮಾರಿಲ್ಲ. ನಾ ಗಾಳ ಹಾಕಿ ಹಿಡೀತಿದ್ದೆ. ಟ್ಯಾಗು ಹಾಕಿ, ಗಾಯದ ಮ್ಯಾಲ ವಿಭೂತಿ ಹಚ್ಚಿ ಬಿಡ್ತಿದ್ದೆ. ಅದರಿಂದ ಸತ್ವು."

ವಿಶ್ವನಾಥಪ್ಪ ಹಾಳೆಯನ್ನು ಕೆಳಗಿಟ್ಟ.

"ಅಯ್ನೋರ, ನೀವು ಗಾಳ ಹಾಕ್ತಿದ್ರಿ?"

"ಹೌದು."

"ಆ ಕೈಲಿಂದನೇ ನಮ್ಮ ಮನಿಗಿ ಬಂದು ಪೂಜಿ ಮಾಡಿದ್ರಿ?"

"ಹೌದು."

"ಶಿವ ಶಿವಾ" ಎಂದ ವಿಶ್ವನಾಥಪ್ಪ. ಸುಳ್ಳು ಹೇಳಿದ್ದು ಅವನಿಗೆ ಕೇಳಿಸಲೇ ಇಲ್ಲ. ವೈಜನಾಥನನ್ನು ಕಳ್ಳ ಎಂದದ್ದು ತಾನೇ ಎಂಬುದೂ ಅವನಿಗೆ ನೆನಪಾಗಲಿಲ್ಲ. ಊರವರ ಸಾಲಿನಲ್ಲಿ ಪಿಸುಮಾತೆದ್ದಿತು, ಯಾರೋ ಕಿಸಕ್ಕನೆ ನಕ್ಕರು. ರಾಚಯ್ಯ ಇನ್ನೂ ನಿಂತೇ ಇದ್ದ. ತಾನು ನಾಚಬೇಕಾದ ವಿಷಯ ಒಂದು, ಮಂದಿ ನಾಚಿಸುತ್ತಿರುವ ವಿಷಯ ಇನ್ನೊಂದು ಎಂಬುದು ಅವನಿಗೆ ಕಂಡಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಮೀನಲ ಮಾತ್ರ ಕೇಳಬೇಕಾದದ್ದನ್ನು ಕೇಳಿದಳು. "ಎಲ್ಲಾದಕ್ಕೂ ಹಚ್ಚಿದ್ರಾ ಕಾಕಾ? ಒಂದಕ್ಕರ ಬಿಟ್ಟಿದ್ರಾ?"

"ಒಂದೂ ಬಿಟ್ಟಿಲ್ಲ ಮೀನಲತಾಯಿ."

ಅವಳು ತನ್ನ ಹಾಳೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. ಮೂವತ್ತೆಂಟೂ ಸತ್ತಿವೆ ಎಂದು ಹೇಳಲಾಗದು, ಕೆಲವು ಉಳಿ­ದಿರಲೂಬಹುದು, ಆದರೆ ಈ ಲೆಕ್ಕವನ್ನು ಇನ್ನು ಯಾವುದಕ್ಕೂ ಹಿಡಿಯುವ ಹಾಗಿಲ್ಲ ಎಂದು ಸಭೆಗೆ ವಿವರಿಸಿದಳು. ಬಲೆಯವರ ಮೇಲಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದಳು. ಠರಾವು ಬಿದ್ದುಹೋಯಿತು. ಹೊರಗೆ ಬಂದಾಗ ರಾಚಯ್ಯನಿಂದ ಸೂಜಿ ಮತ್ತು ಉಳಿದ ಟ್ಯಾಗುಗಳನ್ನು ಇಸಿದುಕೊಂಡಳು. ಬೈಯಲಿಲ್ಲ. ವೈಜನಾಥ ತನ್ನವರ ಜೊತೆ ಮುಂದೆ ನಡೆದು ಹೋದ, ಹಿಂತಿರುಗಿ ನೋಡಲಿಲ್ಲ. ನೋಡಬೇಕೆಂದು ರಾಚಯ್ಯ ನಿರೀಕ್ಷಿಸಿದ್ದರೆ ಅದು ಅವನ ತಪ್ಪು.

ಆ ಶ್ರಾವಣದಲ್ಲಿ ವಿಶ್ವನಾಥಪ್ಪನ ಮನೆಯವರು ಬೇರೆ ಊರಿನ ಅಯ್ಯನವರನ್ನು ಕರೆಸಿದರು. ಇನ್ನೂ ಎಂಟು ಮನೆಗಳು ಹಾಗೆಯೇ ಮಾಡಿದವು. ತುರೋರಿಯ ಚಹಾದಂಗಡಿಯಲ್ಲಿ ಅವನನ್ನು ಕಂಡರೆ ಹುಡುಗರು, "ಮೀನಿಗಿ ದೀಕ್ಷಾ ಕೊಟ್ಟ ಅಯ್ನೋರು" ಎನ್ನುತ್ತಿದ್ದರು. ಶಿವಕಾಂತಮ್ಮನಿಗೆ ಅದು ಕಿವಿಗೆ ಬಿದ್ದಾಗ, "ಖರೇನೇ ಅಂತಾರ" ಎಂದಳು, ಮತ್ತು ಅಂಥ ಮನೆಗಳಿಂದ ಬರುತ್ತಿದ್ದ ಅಕ್ಕಿ ಬೇಳೆಯ ಸೀದಾ ಬರುವುದು ನಿಂತದ್ದಕ್ಕೆ ಒಂದು ಮಾತೂ ಆಡಲಿಲ್ಲ.

ಮಳೆ ಮುಗಿದ ಮೇಲೆ ಮೀನಲ ಫೋನು ಮಾಡಿದಳು. ಉದಗೀರದಲ್ಲಿ ಹೊಸ ಹವ್ಯಾಸಿಗಳ ತರಬೇತಿ ಇತ್ತು. ಮಾಡಿದ ತಪ್ಪನ್ನು ಒಂದು ಪುಟದಲ್ಲಿ ಬರೆದುಕೊಡಬೇಕು, ಬಂದವರಿಗೆ ಓದಿ ಹೇಳುತ್ತೇನೆ, ಇನ್ನೊಬ್ಬರು ಹಾಗೆ ಮಾಡಬಾರದು ಎಂದಳು.

"ನಿಮ್ಮ ಹೆಸರು ಹಾಕಲಿ ಏನು ಕಾಕಾ?"

ರಾಚಯ್ಯ, "ಹೆಸರು ಬ್ಯಾಡ" ಎಂದ. ಪುಟ ಬರೆದುಕೊಟ್ಟ. ಅಕ್ಷರ ದುಂಡಗಿತ್ತು, ಒಂದು ಅಂಕಿಯೂ ತಪ್ಪಿರಲಿಲ್ಲ. ತರಬೇತಿಗೂ ಹೋದ, ಮೀನಲ ಕರೆದಿದ್ದಳೆಂದು. ಹಿಂದಿನ ಸಾಲಿನಲ್ಲಿ ಗೋಡೆಗೆ ಒತ್ತಿ ಕೂತ. ಪಕ್ಕದ ಕುರ್ಚಿಯಲ್ಲಿ ದೇವಣಿಯಿಂದ ಬಂದ ಸುಮಿತ ಎಂಬ ಎಳೆಯ ಮಾಸ್ತರ ಇದ್ದ. ಮನೆಯಲ್ಲಿ ಕನ್ನಡ ಆಡುವವನು, ಬಂದವನೇ ಅಯ್ನೋರ ಎಂದು ಕೈಮುಗಿದು, ತಾನು ತಂದ ಗಾಳವನ್ನು ತೋರಿಸಿ ಮಾತಿಗೆಳೆದಿದ್ದ.

ಮೀನಲ ಪುಟವನ್ನು ಓದಿದಳು. ಮೊದಲು ಟವೆಲಿನಿಂದ ಒರೆಸಿದ್ದು, ಆಮೇಲೆ ಬೂದಿ, ಆಮೇಲೆ ಬಲೆಯವನು ತಂದುಕೊಟ್ಟ ಎರಡು ಟ್ಯಾಗು, ಆಮೇಲೆ ಸಭೆಯಲ್ಲಿ ನೆನಪಿಲ್ಲ ಎಂದದ್ದು. ಬೂದಿಯ ಮಾತಿಗೆ ಕೋಣೆಯೆಲ್ಲ ನಕ್ಕಿತು. ಕೊನೆಯ ಮಾತಿಗೆ ಯಾರೂ ನಗಲಿಲ್ಲ.

ಸುಮಿತ ರಾಚಯ್ಯನ ಕಡೆ ಬಾಗಿ ಪಿಸುಗುಟ್ಟಿದ. "ಯಾವಾನ್ರೀ ಈ ಶ್ಯಾಣ್ಯಾ? ಬೂದಿ ಹಚ್ಚಿದ್ದು ಹೋಗಲಿ, ತಿಳೀದ ಆಗಿರ್ತದ. ಆ ಬಡವನ ಮ್ಯಾಲ ಹಾಕಿದ್ನಲ್ಲ. ಮಾರಿ ತೋರ್ಸಲಾಕ ನಾಚ್ಕಿ ಆಗಿ ಇಲ್ಲಿಗಿ ಬಂದಿರಂಗಿಲ್ಲ ಬಿಡ್ರೀ."

ಹೌದಪ್ಪ ಎಂದು ರಾಚಯ್ಯ ತಲೆಯಾಡಿಸಿಬಿಟ್ಟರೆ ಮುಗಿಯುತ್ತಿತ್ತು. ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

"ಬಂದಾನ" ಎಂದ. "ನಾನೇ ಅಂವಾ."

ಸುಮಿತನ ನಗೆ ಹಾಗೆಯೇ ಮುಖದ ಮೇಲೆ ನಿಂತಿತು. ಆಮೇಲೆ ತನ್ನ ವಹಿಯ ಕಡೆ ತಿರುಗಿದ. ಮೀನಲ ಬಕೆಟ್ಟಿನ ನೀರಿನಲ್ಲಿ ಬಟ್ಟೆ ಅದ್ದಿ, ಮೀನನ್ನು ಹೇಗೆ ಹಿಡಿಯಬೇಕೆಂದು ತೋರಿಸಲು ಆರಂಭಿಸಿದ್ದಳು. ಮುಂದಿನ ಎರಡು ತಾಸು ಸುಮಿತ ಈ ಕಡೆ ನೋಡಲಿಲ್ಲ. ರಾಚಯ್ಯನೂ ಎದ್ದು ಹೋಗಲಿಲ್ಲ.